ಬಿಎಸ್ಸಿ ಗಣಿತಕ್ಕೆ 9 ಲಕ್ಷ ಸಾಲ ಮಾಡಿ ಸೇರ್ಬೋದಾ?

ಕೇಳಿರೋರು ಕೊಡಗಿನ ಸುಂಟಿಕೊಪ್ಪ ಕಡೆಯವರಂತೆ, ಪಿಯುಸಿ ಮುಗ್ಸಿದ್ದಾರೆ, ಬೆಂಗಳೂರಿನ ಒಂದು ಪ್ರೈವೇಟ್ ಯೂನಿವರ್ಸಿಟೀಲಿ ಬಿಎಸ್ಸಿ ಗಣಿತಕ್ಕೆ ಸೀಟ್ ಸಿಕ್ಕಿದೆ, ಫೀಸು ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 3 ಲಕ್ಷ, ಎಜುಕೇಶನ್ ಲೋನ್ ಮಾಡಿದ್ರೆ ಮುಂದೆ ಸಂಬಳದಲ್ಲಿ ತೀರತ್ತಾ ಅಂತ.

ನಾನು ಸೋಮವಾರಪೇಟೆ ತಾಲೂಕಿನವನು, ಓದಿದ್ದೂ ಗಣಿತಾನೇ. ಗಣಿತ ಓದಿ, ಖಂಡಿತ ಓದಿ. ಈ ಲೋನ್ ಮಾತ್ರ ಬೇಡ.

ಗಣಿತದೋರು ತಾನೆ, ಮೊದ್ಲು ಲೆಕ್ಕ ಹಾಕೋಣ. ಬಡ್ಡಿ 10 ಪರ್ಸೆಂಟ್ ಅಂತಿಟ್ಕೊಳ್ಳಿ. ಕೋರ್ಸ್ ಮೂರು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟೋದು ಬೇಡ ಅಂತಾರೆ, ಆದ್ರೆ ಬಡ್ಡಿ ಏನು ಸುಮ್ನೆ ಕೂತಿರಲ್ಲ. ಮೊದಲ 3 ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 1.2 ಲಕ್ಷ, ಎರಡನೇ ವರ್ಷದ್ದಕ್ಕೆ 90 ಸಾವಿರ, ಮೂರನೇದಕ್ಕೆ 60 ಸಾವಿರ. ಅಂದ್ರೆ ಕಟ್ಟೋಕೆ ಶುರು ಮಾಡೋ ದಿನ ಸಾಲ 11.7 ಲಕ್ಷ. ಹತ್ತು ವರ್ಷದ ಅವಧಿ ಹಾಕಿದ್ರೆ ತಿಂಗಳಿಗೆ ಹತ್ರ ಹತ್ರ 15,500, ಒಟ್ಟು ಕಟ್ಟೋದು ಹದಿನೆಂಟೂವರೆ ಲಕ್ಷ.

ಈಗ ಸಂಬಳ. ಗಣಿತದಲ್ಲಿ ದುಡ್ಡಿಲ್ಲ ಅನ್ನೋದು ಸುಳ್ಳು, ದುಡ್ಡು ಲೇಟಾಗಿ ಬರತ್ತೆ ಅಷ್ಟೆ. ಪಿಯು ಲೆಕ್ಚರರ್ ಆಗೋಕೆ ಎಂಎಸ್ಸಿ ಜೊತೆ ಬಿಎಡ್ ಬೇಕು, ಡಿಗ್ರಿ ಕಾಲೇಜಿಗೆ ನೆಟ್ ಇಲ್ಲಾ ಕೆಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗ್ಬೇಕು, ರಿಸರ್ಚಿಗೆ ಹೋದ್ರೆ ಜೆಆರ್‌ಎಫ್ ಅನ್ನೋ ಫೆಲೋಶಿಪ್ಪಲ್ಲಿ ತಿಂಗಳಿಗೆ 37 ಸಾವಿರ ಕೊಡ್ತಾರೆ ಆದ್ರೆ ಮೂರು ವರ್ಷದ ಡಿಗ್ರಿ ಮಾಡಿದೋರಿಗೆ ಅದೂ ಎಂಎಸ್ಸಿ ಆದ್ಮೇಲೆ. ನಾನೇ ಮೈಸೂರಿನ ಮಾನಸಗಂಗೋತ್ರೀಲಿ ಎಂಎಸ್ಸಿ ಮುಗ್ಸಿ ಕುಶಾಲನಗರದಲ್ಲಿ ಪ್ರೈವೇಟ್ ಪಿಯು ಕಾಲೇಜಿಗೆ ಸೇರಿದಾಗ ಸಂಬಳ 14 ಸಾವಿರ, ಸಂಜೆ ಟ್ಯೂಷನ್ ಮಾಡಿ ಹೆಂಗೋ ನಡೀತಿತ್ತು, ರಾತ್ರಿ ಕೂತು ಸ್ಟ್ಯಾಟಿಸ್ಟಿಕ್ಸು, ಕೋಡಿಂಗು ಕಲಿತೆ, ನಾಲ್ಕು ವರ್ಷ ಆದ್ಮೇಲೆ ಬೆಂಗಳೂರಲ್ಲಿ ಇನ್ಶೂರೆನ್ಸ್ ಕಂಪನಿ ಕೆಲಸ ಸಿಕ್ತು. ಈಗ ಆರಾಮಾಗಿದ್ದೀನಿ. ಆ ನಾಲ್ಕು ವರ್ಷ ತಿಂಗಳಿಗೆ 15 ಸಾವಿರದ ಕಂತು ತಲೆ ಮೇಲಿದ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.

ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು ಅದೇ. ಹೆಚ್ಚುಕಮ್ಮಿ ನಿಮ್ಮಷ್ಟೇ ಸಾಲ. ಎಂಎಸ್ಸಿ ಮಾಡೋ ಆಸೆ ಇತ್ತು ಅವನಿಗೆ, ಲೆಕ್ಕದಲ್ಲಿ ನನಗಿಂತ ಚುರುಕು, ಕಂತು ಶುರುವಾಗತ್ತೆ ಅಂತ ಸಿಕ್ಕಿದ ಕಾಲ್ ಸೆಂಟರ್ ಕೆಲಸಕ್ಕೆ ಹೋದ, 22 ಸಾವಿರ. ಕಂತು ಕಟ್ಟಿ ಪಿಜಿ ಬಾಡಿಗೆ ಕೊಟ್ಟಾಗ ಕೈ ಖಾಲಿ. ಉಳಿದಿದ್ದು ಚಿಕ್ಕಪ್ಪ ಕಳಿಸ್ಬೇಕು. ನಮ್ಮ ಕಡೆ ಕಥೆ ಗೊತ್ತಲ್ಲ, ಕಾಫಿ ದುಡ್ಡು ವರ್ಷಕ್ಕೆ ಒಂದು ಸಲ, ಕೊಯ್ದು ಕಣದಲ್ಲಿ ಒಣಗ್ಸಿ ಮಾರಿದ ಮೇಲೆ, ಬ್ಯಾಂಕಿಗೆ ಮಾತ್ರ ತಿಂಗಳು ತಿಂಗಳು ಕೊಡ್ಬೇಕು. ಒಂದು ವರ್ಷ ಕಣದಲ್ಲಿ ಹರಡಿದ ಕಾಫಿಗೇ ಮಳೆ ಹೊಡೀತು, ಟಾರ್ಪಾಲ್ ಎಳೀತಾ ಚಿಕ್ಕಪ್ಪ ಅಂದಿದ್ದು ಒಂದೇ ಮಾತು, ‘ಅವನ ಕಂತು ಹೋಯ್ತು’. ಈಗ ಕಾಫಿಗೆ ಒಳ್ಳೆ ರೇಟ್ ಇದೆ, ಅದನ್ನ ನೋಡಿ ಅಪ್ಪ ಧೈರ್ಯ ಕೊಟ್ರೆ ನಂಬ್ಕೋಬೇಡಿ, ಹತ್ತು ವರ್ಷ ಇದೇ ರೇಟ್ ಇರತ್ತೆ ಅಂತ ಯಾವ ವ್ಯಾಪಾರಿನೂ ಬರ್ದು ಕೊಡಲ್ಲ.

ಇನ್ನೊಂದು. ಸಾಮಾನ್ಯವಾಗಿ 4 ಲಕ್ಷದ ತನಕ ಏನೂ ಅಡ ಕೇಳಲ್ಲ, ಏಳೂವರೆ ದಾಟಿದ್ರೆ ಆಸ್ತಿ ಕೇಳ್ತಾರೆ. ನಿಮ್ದು 9. ತೋಟ ಜಮ್ಮಾ ಜಾಗ (ಕೊಡಗಲ್ಲಿ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿ ಬಂದ ಜಮೀನು) ಆಗಿದ್ದು ಆರ್‌ಟಿಸಿ ಪಟ್ಟೆದಾರರ, ಅಂದ್ರೆ ಕುಟುಂಬದ ಹಿರಿಯರ, ಹೆಸರಲ್ಲೇ ಇದ್ರೆ ಅಲ್ಲೇ ಸಿಕ್ಕಾಕೊಳ್ತೀರ. ಚಿಕ್ಕಪ್ಪನ ಆರ್‌ಟಿಸಿ ತಿರುವಿ ಹಾಕಿ ಮ್ಯಾನೇಜರ್ ‘ಇದ್ರಲ್ಲಿ ನಿಮ್ಮ ಹೆಸರೆಲ್ಲಿದೆ’ ಅಂದಿದ್ರು, ಕೊನೆಗೆ ಎಫ್‌ಡಿ ಇಟ್ಟಿದ್ದು, ಅದು ತಂಗಿ ಮದುವೇಗೆ ಅಂತಿದ್ದ ದುಡ್ಡು.

ಹಾಗಾದ್ರೆ ಎಲ್ಲಿ ಓದೋದು? ಮಡಿಕೇರೀಲೋ ಮೈಸೂರಲ್ಲೋ ಸರ್ಕಾರಿ ಕಾಲೇಜಲ್ಲಿ ಓದಿ, ಫೀಸು ಸಾವಿರದಲ್ಲಿರತ್ತೆ, ಲಕ್ಷದಲ್ಲಲ್ಲ. ಗಣಿತಕ್ಕೆ ಲ್ಯಾಬ್ ಬೇಡ, ಎಸಿ ಕ್ಲಾಸ್‌ರೂಮಲ್ಲಿ ಮಾಡಿದ್ರೂ ಇಂಟಿಗ್ರೇಶನ್ ಅದೇ. ಟೀಚಿಂಗ್ ಇಷ್ಟ ಇದ್ರೆ ಮೈಸೂರಿನ ಆರ್‌ಐಇಲಿ (ಎನ್‌ಸಿಇಆರ್‌ಟಿಯವರ ಟೀಚರ್ ಟ್ರೇನಿಂಗ್ ಕಾಲೇಜು) ನಾಲ್ಕೇ ವರ್ಷಕ್ಕೆ ಬಿಎಸ್ಸಿ ಬಿಎಡ್ ಎರಡೂ ಮುಗಿಯತ್ತೆ, ಎಂಟ್ರೆನ್ಸ್ ಬರೀಬೇಕು. ಗಣಿತ ನಿಜವಾಗ್ಲೂ ಹುಚ್ಚಿದ್ರೆ ಬೆಂಗಳೂರು ಐಎಸ್‌ಐಯ ಬಿ.ಮ್ಯಾಥ್ ಇದೆ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಗಣಿತದ ಡಿಗ್ರಿ), ಅಲ್ಲಿ ಸೀಟ್ ಸಿಗೋದು ಕಷ್ಟ ಆದ್ರೆ ಸಿಕ್ಕಿದ್ರೆ ಅವ್ರೇ ಸ್ಟೈಪೆಂಡ್ ಕೊಡ್ತಾರೆ. ಮೈಸೂರು ರೋಡಲ್ಲೇ ಇದೆ, ಮಡಿಕೇರಿ ಬಸ್ಸಲ್ಲಿ ಅದ್ರ ಮುಂದೇನೇ ಎಷ್ಟು ಸಲ ಓಡಾಡಿದ್ದೀನೋ, ಒಳಗೆ ಗಣಿತದ ಡಿಗ್ರಿ ಇದೆ ಅಂತ ಆ ವಯಸ್ಸಲ್ಲಿ ಒಬ್ರೂ ಹೇಳ್ಲಿಲ್ಲ, ಇವತ್ತಿಗೂ ಹೊಟ್ಟೆ ಉರಿಯತ್ತೆ. ಪಿಯುಸಿ ಬೋರ್ಡಲ್ಲಿ ಟಾಪ್ ಒಂದು ಪರ್ಸೆಂಟ್ ಒಳಗಿದ್ರೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ಪನ್ನೂ ನೋಡಿ, ವರ್ಷಕ್ಕೆ 80 ಸಾವಿರದ ತನಕ ಇದೆ, ಗಣಿತಕ್ಕೂ ಬರತ್ತೆ.

ಸಾಲ ಮಾಡ್ಲೇಬೇಕಾದ್ರೆ ಎಂಎಸ್ಸಿಗೆ ಮಾಡಿ. ಜಾಮ್ ಅನ್ನೋ ಎಂಎಸ್ಸಿ ಎಂಟ್ರೆನ್ಸ್ ಬರ್ದು ಐಐಟೀಲಿ ಸೀಟ್ ಸಿಕ್ರೆ ಅಡ ಇಲ್ದೆ ಸಿಗೋ ಆ 4 ಲಕ್ಷದೊಳಗೇ ಮುಗ್ಸೋಕೆ ನೋಡಿ, ಎರಡೇ ವರ್ಷದ ಕೋರ್ಸು, ಕೆಲಸ ಸಿಗೋ ದಿನನೂ ಹತ್ರದಲ್ಲೇ ಇರತ್ತೆ.

ಅಂದಹಾಗೆ ಆ ಸೀಟಿಗೆ ಅಡ್ವಾನ್ಸ್ ಕಟ್ಬಿಟ್ಟಿದ್ರೆ ಫೋನಲ್ಲಿ ಮಾತಾಡ್ತಾ ಕೂರ್ಬೇಡಿ, ಇವತ್ತೇ ಇಮೇಲ್ ಹಾಕಿ ರೀಫಂಡ್ ಕೇಳಿ, ರಸೀದಿ ಜೋಪಾನ.