ಇಕೆಎಸ್ ಆಟೊ ಮೋಡ್ ಅಥವಾ ಕಾರ್ಪೆಂಟರ್: ಸಣ್ಣ ತಂಡ ಯಾವುದರಿಂದ ಶುರು ಮಾಡಬೇಕು?

ಮೂರು ಜನರ ತಂಡ, ಹತ್ತಾರು ಸೇವೆಗಳು, ನೋಡ್‌ಗಳ, ಅಂದರೆ ಸೇವೆಗಳು ಓಡುವ ಯಂತ್ರಗಳ, ಉಸಾಬರಿ ಸಾಕಾಗಿದೆ, ಬಿಲ್ಲೂ ಇಳಿಯಬೇಕು, ಆಟೊ ಮೋಡೋ ಕಾರ್ಪೆಂಟರೋ ಎಂದು ಕೇಳಿದ್ದೀರಿ. ಇಕೆಎಸ್ ಅಂದರೆ ಅಮೆಜಾನ್ ನಡೆಸಿಕೊಡುವ ಕ್ಯೂಬರ್ನೆಟೀಸ್, ಸೇವೆಗಳನ್ನು ಹಲವು ಯಂತ್ರಗಳಿಗೆ ಹಂಚಿ ಓಡಿಸುವ ವ್ಯವಸ್ಥೆ. ಅದಕ್ಕೆ ಬೇಕಾದಾಗ ಯಂತ್ರ ತಂದು, ಬೇಡವಾದಾಗ ತೆಗೆಯುವ ಸಾಧನ ಕಾರ್ಪೆಂಟರ್. ಆಟೊ ಮೋಡ್‌ನಲ್ಲಿ ಆ ಕೆಲಸ ಅಮೆಜಾನ್‌ನದೇ. ಬೆಳ್ಳಂದೂರಿನಲ್ಲಿ ನಮ್ಮದೂ ಇದೇ ಕಥೆಯಾಗಿತ್ತು.

ಮನೆಮನೆಗೆ ಹಾಲು ತಲುಪಿಸುವ ಆ್ಯಪ್ ನಮ್ಮದು. ರಾತ್ರಿ ಆರ್ಡರ್ ಮುಚ್ಚಿದ ಮೇಲೆ, ನಸುಕಿನ ಮೂರು ಗಂಟೆಗೆ ಒಂದು ಜಾಬ್ ಓಡಿ ಯಾವ ಹುಡುಗ ಯಾವ ಬೀದಿಗೆ ಎಷ್ಟು ಪ್ಯಾಕೆಟ್ ಒಯ್ಯಬೇಕೆಂಬ ಪಟ್ಟಿ ತಯಾರಿಸುತ್ತಿತ್ತು. ಅಮೆಜಾನ್‌ನ ಮುಂಬೈ ರೀಜನ್‌ನಲ್ಲಿ ಇಕೆಎಸ್ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪು), ಕೆಲವೇ ದೊಡ್ಡ ಯಂತ್ರಗಳ ಸ್ಥಿರ ನೋಡ್ ಗ್ರೂಪ್. 2024ರ ಡಿಸೆಂಬರ್‌ನಲ್ಲಿ ಆಟೊ ಮೋಡ್ ಬಂದಾಗ ನನಗಂತೂ ಹಬ್ಬ. ಒಂದು ವಾರಾಂತ್ಯದಲ್ಲಿ ಎಲ್ಲವನ್ನೂ ಅದಕ್ಕೆ ಸಾಗಿಸಿದೆ.

ಆದರೆ ನಮ್ಮ ಪಾಡ್‌ಗಳಲ್ಲಿ (ಸೇವೆಯನ್ನು ಓಡಿಸುವ ಪುಟ್ಟ ಘಟಕಗಳು) ಮೆಮೊರಿ, ಸಿಪಿಯು ರಿಕ್ವೆಸ್ಟ್, ಅಂದರೆ ಇಷ್ಟು ಬೇಕೆಂಬ ಬೇಡಿಕೆ, ಬರೆದಿರಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ತಪ್ಪು ಅಂಕಿ ಬರೆಯುವುದಕ್ಕಿಂತ ಖಾಲಿ ಬಿಡುವುದು ಮೇಲು, ಆಟೊ ಮೋಡೇ ಬಳಕೆ ನೋಡಿ ಕಲಿತುಕೊಳ್ಳುತ್ತದೆ ಎಂದು ನಂಬಿದ್ದೆ. ಅದು ಏನನ್ನೂ ಕಲಿಯುವುದಿಲ್ಲ. ಪಾಡ್ ನಿಜವಾಗಿ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬುದು ಅದರ ಲೆಕ್ಕಕ್ಕೇ ಇಲ್ಲ. ಜಾಗ ಸಿಗದೆ ಕಾಯುತ್ತಿರುವ ಪಾಡ್‌ಗಳ ರಿಕ್ವೆಸ್ಟ್ ಕೂಡಿಸಿ, ಅಷ್ಟಕ್ಕೆ ಸಾಕಾಗುವ ಅಗ್ಗದ ಯಂತ್ರ ತರುತ್ತದೆ. ಹರಿದ ಟಿಕೆಟ್‌ಗಳನ್ನಷ್ಟೇ ಎಣಿಸಿ ಸಿಲ್ಕ್ ಬೋರ್ಡ್‌ಗೆ ಮಿನಿ ಬಸ್ ಕಳುಹಿಸುವ ಡಿಪೊ ಮ್ಯಾನೇಜರ್‌ನಂತೆ. ನಮ್ಮವರೆಲ್ಲ ಟಿಕೆಟ್ ಇಲ್ಲದ ಪ್ರಯಾಣಿಕರು.

ಹಳೆಯ ದೊಡ್ಡ ಯಂತ್ರಗಳಲ್ಲಿ ಜಾಗ ಧಾರಾಳವಾಗಿದ್ದುದರಿಂದ ಈ ಹುಳುಕು ಕಂಡಿರಲಿಲ್ಲ. ಆಟೊ ಮೋಡ್ ಬಂದದ್ದೇ, ರಿಕ್ವೆಸ್ಟ್ ಸೊನ್ನೆಯಾದ್ದರಿಂದ ಎಲ್ಲ ನೋಡ್‌ಗಳೂ ಖಾಲಿ ಹೊಡೆಯುತ್ತಿವೆ ಎಂದು ತೀರ್ಮಾನಿಸಿ, ಪಾಡ್‌ಗಳನ್ನು ಚಿಕ್ಕ ಯಂತ್ರಕ್ಕೆ ತುರುಕಿತು. ನಸುಕಿನ ಜಾಬ್ ಆರ್ಡರ್‌ಗಳನ್ನೆಲ್ಲ ಮೆಮೊರಿಗೆ ಎಳೆದುಕೊಂಡ ಕೂಡಲೇ ನೋಡ್ ಏದುಸಿರು ಬಿಟ್ಟಿತು. ಮೆಮೊರಿ ಕೊರತೆಯಾದಾಗ ಕ್ಯೂಬ್‌ಲೆಟ್ (ಪ್ರತಿ ನೋಡ್‌ನಲ್ಲೂ ಪಾಡ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಮೊದಲು ಹೊರದಬ್ಬುವುದು ರಿಕ್ವೆಸ್ಟ್ ಮೀರಿ ತಿನ್ನುವವರನ್ನು. ರಿಕ್ವೆಸ್ಟೇ ಇಲ್ಲದವರು ಏನು ತಿಂದರೂ ಮೀರಿದಂತೆಯೇ. ಹೊರಬಿದ್ದ ಪಾಡ್‌ಗಳಿಗೆ ಹೊಸ ನೋಡ್ ಬಂತು, ಒತ್ತಡ ಇಳಿಯಿತು, ಈಗ ಎರಡು ನೋಡ್ ಯಾಕೆಂದು ಆಟೊ ಮೋಡ್ ಮತ್ತೆ ಒಂದಕ್ಕೇ ಸೇರಿಸಿತು. ಜಾಬ್ ಮೊದಲಿನಿಂದ ಶುರು. ಈ ಸುತ್ತಾಟದಲ್ಲಿ ಡೀಫಾಲ್ಟ್ ಆಗಿ ಸಿಗುವ 6 ಮರುಪ್ರಯತ್ನಗಳೂ ಮುಗಿದು ಜಾಬ್ ಕೈಚೆಲ್ಲಿತು. ಪಟ್ಟಿ ಇಲ್ಲದೆ ಹುಡುಗರು ಗೋದಾಮಿನ ಮುಂದೆ ನಿಂತರು, ಹಾಲು ಕ್ರೇಟುಗಳಲ್ಲೇ ಉಳಿಯಿತು. ಹಣ ವಾಪಸು ಕೊಟ್ಟದ್ದು ಬಿಡಿ, ಒಂದಿಡೀ ಅಪಾರ್ಟ್‌ಮೆಂಟ್ ಸಂಕೀರ್ಣ ನಮ್ಮನ್ನು ಬಿಟ್ಟುಹೋಯಿತು.

ನೋಡ್ ಒಳಗೆ ಹೊಕ್ಕು ನೋಡೋಣವೆಂದರೆ ಆಟೊ ಮೋಡ್‌ನಲ್ಲಿ ಎಸ್‌ಎಸ್‌ಎಚ್ ಇಲ್ಲ. ಅದು ಕೊರತೆಯಲ್ಲ ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಿರಲಿಲ್ಲ.

ಹೀಗಾಗಿ ‘ಆಟೊ ಮೋಡೋ ಕಾರ್ಪೆಂಟರೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಟೊ ಮೋಡ್ ಒಳಗಿರುವುದೂ ಕಾರ್ಪೆಂಟರ್‌ನ ಬುದ್ಧಿಯೇ. ಕಾರ್ಪೆಂಟರ್ ನೀವೇ ಓಡಿಸಿದರೆ ಅದು ಕೂರಲು ಬೇರೆ ಜಾಗ ಬೇಕು, ಅದರ ಆವೃತ್ತಿಗಳ ಬೆನ್ನು ಹತ್ತಬೇಕು. ಮೂರು ಜನರಿಗೆ ಆ ತಲೆನೋವು ಬೇಡ. ಬಿಲ್ ಇಳಿಯುವ ಮಾತಂತೂ ಅರ್ಧ ಸತ್ಯ. ಆಟೊ ಮೋಡ್‌ನಲ್ಲಿ ಯಂತ್ರದ ಬೆಲೆಯ ಮೇಲೆ ಪ್ರತ್ಯೇಕ ಶುಲ್ಕವಿದೆ, ಅಗ್ಗಕ್ಕೆ ಸಿಗುವ, ಆದರೆ ಯಾವಾಗ ಬೇಕಾದರೂ ಕೈತಪ್ಪಬಹುದಾದ ಸ್ಪಾಟ್ ಯಂತ್ರ ಕೊಂಡರೂ ಆ ಶುಲ್ಕ ಇಳಿಯುವುದಿಲ್ಲ. ನಿಮ್ಮ ಲೋಡ್ ಹಗಲಿರುಳು ಒಂದೇ ಮಟ್ಟದಲ್ಲಿದ್ದರೆ ಸ್ಥಿರ ನೋಡ್ ಗ್ರೂಪ್‌ನಲ್ಲೇ ಇರಿ, ಯಾರೂ ನಗುವುದಿಲ್ಲ. ಗೂಗಲ್‌ನ ಇಂಥದೇ ಸೇವೆಯಾದ ಆಟೊಪೈಲಟ್ ಕೂಡ ರಿಕ್ವೆಸ್ಟ್ ಬರೆಯುವ ಕೆಲಸದಿಂದ ಪಾರು ಮಾಡದು. ರಿಕ್ವೆಸ್ಟ್ ಬರೆಯದಿದ್ದರೆ ತಾನೇ ಒಂದು ಅಂಕಿ ಹಾಕಿಕೊಂಡು, ಸಾಮಾನ್ಯ ಪಾಡ್‌ಗಳಿಗೆ ಅದರ ಮೇಲೆಯೇ ಬಿಲ್ ಮಾಡುತ್ತದೆ.

ಮೊದಲು ಈಗಿರುವ ಕ್ಲಸ್ಟರ್‌ನಲ್ಲೇ ಬಳಕೆ ಅಳೆಯಿರಿ, ವಾರಾಂತ್ಯವೂ ತಿಂಗಳ ಮೊದಲ ದಿನವೂ ಅದರಲ್ಲಿ ಬರಲಿ. ಪಾಡ್‌ಗೆ ಎಷ್ಟು ಬೇಕೆಂದು ಬಳಕೆ ನೋಡಿ ಹೇಳುವ ವರ್ಟಿಕಲ್ ಪಾಡ್ ಆಟೊಸ್ಕೇಲರ್ ಅನ್ನು ಸಲಹೆ ಮಾತ್ರ ಕೊಡುವಂತೆ ಇಟ್ಟರೆ ಅಂಕಿಗಳು ತಾವಾಗಿ ಸಿಗುತ್ತವೆ. ಮೆಮೊರಿಯ ರಿಕ್ವೆಸ್ಟ್ ಮತ್ತು ಲಿಮಿಟ್ (ಮೀರಬಾರದ ಗರಿಷ್ಠ ಮಿತಿ) ಒಂದೇ ಇರಲಿ. ಸಿಪಿಯುಗೆ ರಿಕ್ವೆಸ್ಟ್ ಸಾಕು, ಲಿಮಿಟ್ ಬೇಡ ಎಂಬುದು ನನ್ನ ಹಟ. ಜಗಳಕ್ಕೆ ಬರುವವರು ಬರಲಿ. ಯಾರಾದರೂ ಬರೆಯದೆ ಬಿಟ್ಟರೆ ತಾನಾಗಿ ತುಂಬಿಕೊಳ್ಳಲು ಪ್ರತಿ ನೇಮ್‌ಸ್ಪೇಸ್‌ಗೂ (ಕ್ಲಸ್ಟರ್‌ನೊಳಗಿನ ವಿಭಾಗ) ಲಿಮಿಟ್‌ರೇಂಜ್ ಎಂಬ ನಿಯಮ ಹಾಕಿ.

ಆಮೇಲೆ ಆಟೊ ಮೋಡ್‌ಗೆ ಹೋಗಿ, ಕಳೆದುಕೊಂಡರೂ ನಡೆಯುವ ಒಂದು ಸೇವೆಯನ್ನು ಮಾತ್ರ ಮೊದಲು ಸಾಗಿಸಿ. ಮಧ್ಯೆ ನಿಲ್ಲಬಾರದ ಜಾಬ್‌ಗಳ ಪಾಡ್‌ಗೆ ‘ಡು ನಾಟ್ ಡಿಸ್ಟರ್ಬ್’ ಅಲ್ಲ, ‘ಡು ನಾಟ್ ಡಿಸ್ರಪ್ಟ್’ ಅನೋಟೇಶನ್ (ಸೂಚನಾ ಚೀಟಿ) ಹಚ್ಚಿ. ನಮ್ಮ ಹುಡುಗನೊಬ್ಬ ಮೊದಲನೆಯದನ್ನೇ ಬರೆದಿದ್ದ. ಆ ಹೊತ್ತಿನಲ್ಲಿ ನೋಡ್ ವಿಲೀನವನ್ನೇ ತಡೆಯಬೇಕಿದ್ದರೆ ನಿಮ್ಮದೇ ನೋಡ್‌ಪೂಲ್ (ಎಂಥ ನೋಡ್ ತರಬೇಕೆಂಬ ನಿಯಮಗಳ ಕಟ್ಟು) ಮಾಡಿ ಡಿಸ್ರಪ್ಶನ್ ಬಜೆಟ್ (ಯಾವಾಗ, ಎಷ್ಟು ನೋಡ್ ತೆಗೆಯಬಹುದೆಂಬ ಮಿತಿ) ಕೊಡಿ, ಆಟೊ ಮೋಡ್‌ನೊಂದಿಗೇ ಬರುವ ಪೂಲ್‌ಗಳನ್ನು ತಿದ್ದಲು ಬಿಡುವುದಿಲ್ಲ. ಬಜೆಟ್‌ನ ವೇಳಾಪಟ್ಟಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಓಡುತ್ತದೆ: ಬೆಂಗಳೂರಿನ ನಸುಕಿನ 3 ಗಂಟೆ ಎಂದರೆ ಅಲ್ಲಿ ಹಿಂದಿನ ರಾತ್ರಿ 21:30.