ಓದುಗರ ಪ್ರಶ್ನೆ: ಕಡಲಿಗೆ ಹೊರಡುವ ಮೊದಲು ತಿಥಿ ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಡಿಸೆಂಬರ್ ರಜೆಗೆ ಉತ್ತರ ಕನ್ನಡದ ಕರಾವಳಿಗೆ ಹೊರಟವರದ್ದು.

ಪ್ರಶ್ನೆ: ಎಂಟು ಮತ್ತು ಹನ್ನೆರಡು ವರ್ಷದ ಮಕ್ಕಳನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗುತ್ತಿದ್ದೇವೆ. ಹೋದ ವರ್ಷ ಓಂ ಬೀಚಿನ ಬಂಡೆಗಳ ಹತ್ತಿರ ಹೋದರೆ ಬರೀ ನೀರು, ಏನೂ ಕಾಣಲಿಲ್ಲ. ಯಾವ ಹೊತ್ತಿಗೆ ಹೋಗಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ನೀವು ಹೋದದ್ದು ಉಬ್ಬರದ ಹೊತ್ತಿನಲ್ಲಿ. ಬಂಡೆಗಳ ನಡುವಿನ ಹೊಂಡಗಳು ತೆರೆದುಕೊಳ್ಳುವುದು ಇಳಿತದಲ್ಲಿ, ಅದೂ ಎಲ್ಲ ದಿನ ಒಂದೇ ಸಮ ಅಲ್ಲ. ರೂಮು ಕಾದಿರಿಸುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಬಿದಿಗೆ, ತದಿಗೆಯವರೆಗೆ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಕಾರವಾರದ ಕಡೆ ಆಗಿನ ಏರಿಳಿತ ಎರಡು ಮೀಟರಿನ ಆಸುಪಾಸು. ಅಷ್ಟಮಿಯ ಹೊತ್ತಿಗೆ ಇದು ಅರ್ಧದಷ್ಟೂ ಇರುವುದಿಲ್ಲ. ಆ ದಿನಗಳಲ್ಲಿ ಎಷ್ಟು ಕಾದರೂ ಕೆಳಗಿನ ಬಂಡೆ ಹೊರಬರದು.

ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಈ ಕರಾವಳಿಯಲ್ಲಿ ಪೂರ್ಣ ಇಳಿತ ಬೀಳುವುದು ಸುಮಾರಾಗಿ ಬೆಳಗಿನ ಜಾವ ಮತ್ತು ಸಂಜೆ, ದಿನಕ್ಕೆ ೫೦ ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಒಂದೇ ದಿನದ ಎರಡು ಇಳಿತಗಳೂ ಸಮ ಇರುವುದಿಲ್ಲ, ಒಂದರಲ್ಲಿ ನೀರು ಇನ್ನೂ ಕೆಳಗೆ ಹೋಗುತ್ತದೆ. ನಿಖರ ಸಮಯಕ್ಕೆ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ, ಎತ್ತರದ ಅಂಕಿ ಯಾವುದು ಕಡಿಮೆಯೋ ಆ ಹೊತ್ತನ್ನು ಆರಿಸಿಕೊಳ್ಳಿ. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಬಂಡೆ ಮೇಲಿರಿ. ನೀರು ತಿರುಗಿದ ಮೇಲೆ ಅರ್ಧ ಗಂಟೆಯೊಳಗೆ ದಂಡೆಗೆ ಬನ್ನಿ. ಜನ ಮೋಸ ಹೋಗುವುದು ಇಲ್ಲೇ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ ಹಿಡಿಯುತ್ತದೆ, ಆದರೆ ಮೊದಲ ತಾಸಿನಲ್ಲಿ ಏರುವುದು ಒಟ್ಟು ಏರಿಕೆಯ ಹನ್ನೆರಡನೇ ಒಂದು ಪಾಲು ಮಾತ್ರ. ‘ಇನ್ನೂ ಟೈಮಿದೆ’ ಎಂದು ಕೂತವರನ್ನು ಮೂರು, ನಾಲ್ಕನೇ ತಾಸು ಸುತ್ತುವರಿಯುತ್ತದೆ. ಅರ್ಧದಷ್ಟು ನೀರು ಏರುವುದು ಆ ಎರಡು ತಾಸಿನಲ್ಲೇ.

ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಒಣಗಿದ ಬಂಡೆಗೆ ಬಿಳಿ ಗುಳ್ಳೆಯಂತೆ ಅಂಟಿಕೊಂಡದ್ದು ಬಾರ್ನಕಲ್, ಅದರ ಕೆಳಗೆ ಚೂಪು ಅಂಚಿನ ಸಿಂಪಿಗಳು, ಹೊಂಡಗಳಲ್ಲಿ ಖಾಲಿ ಚಿಪ್ಪು ಹೊತ್ತು ನಡೆಯುವ ಸನ್ಯಾಸಿ ಏಡಿ, ಪುಟ್ಟ ಸೀಗಡಿ, ಮುಟ್ಟಿದರೆ ಮುದುಡುವ ಸೀ ಅನಿಮೋನ್. ಹೊಂಡದ ಪಕ್ಕ ಐದು ನಿಮಿಷ ಅಲುಗಾಡದೆ ಕೂರಬೇಕು, ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು; ಆಮೇಲೆ ಒಂದೊಂದೇ ಹೊರಬರುತ್ತವೆ. ಕಲ್ಲು ಮಗುಚಿ ನೋಡಿದರೆ ಅದೇ ಮಗ್ಗುಲಿಗೆ ಮೆಲ್ಲಗೆ ವಾಪಸಿಡಿ. ಅಡಿ ಮೇಲಾಗಿ ಬಿಟ್ಟರೆ ಕೆಳಗಿದ್ದ ಜೀವಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಮಕ್ಕಳಿಗೆ ತೋರಿಸಲು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು: ಅದೇ ಹೊಂಡದ ನೀರು ತುಂಬಿ, ಎರಡು ಮೂರು ನಿಮಿಷ ನೋಡಿ, ಅದೇ ಹೊಂಡಕ್ಕೆ ಬಿಡಿ. ಶಂಕುವಿನಾಕಾರದ, ಚಿತ್ತಾರವಿರುವ ಜೀವಂತ ಬಸವನಹುಳುವನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿ, ಅದಕ್ಕೆ ವಿಷದ ಮುಳ್ಳಿದೆ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೇ ಕ್ಯಾನ್ವಾಸ್ ಶೂ ಹಾಕಿ. ಹಸಿರು ಪಾಚಿಯ ಮೇಲೆ ಯಾವ ಶೂವೂ ನಿಲ್ಲದು, ಬೋಳು ಕಲ್ಲು ನೋಡಿ ಹೆಜ್ಜೆಯಿಡಿ.

ಪ್ರಶ್ನೆ: ಈಜಲು ನೀರು ಶಾಂತವಾಗಿರುವ ಜಾಗ ಗುರುತಿಸುವುದು ಹೇಗೆ?
— ಓದುಗರು, ದಾವಣಗೆರೆ

ಉತ್ತರ: ಪ್ರಶ್ನೆಯಲ್ಲೇ ಅಪಾಯವಿದೆ. ಎರಡು ಕಡೆ ತೆರೆ ಒಡೆದು ನೊರೆಯಾಗುತ್ತ, ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಶಾಂತವಾಗಿ ಕಂಡರೆ ಅದು ದಂಡೆಗೆ ಬಂದ ನೀರು ಹಿಂದಿರುಗುವ ದಾರಿ. ಅಲ್ಲಿ ಆಳವಿರುವುದರಿಂದಲೇ ತೆರೆ ಒಡೆಯುವುದಿಲ್ಲ. ಇಳಿಯುವ ಮೊದಲು ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೋಡಿ. ನೊರೆ, ಕೆಸರು, ಕಸ ಕಡಲೊಳಕ್ಕೆ ಸಾಗುತ್ತಿದ್ದರೆ ಆ ಪಟ್ಟಿ ಬಿಡಿ. ಸಿಕ್ಕಿಬಿದ್ದರೆ ದಂಡೆಗೆ ನೇರ ಈಜಬೇಡಿ, ಸುಸ್ತಾಗಿ ಮುಳುಗುವುದು ಹಾಗೆಯೇ. ಅಂಗಾತ ತೇಲಿ, ಕೈಯೆತ್ತಿ ಕೂಗಿ, ಸೆಳೆತ ಸಡಿಲವಾದಾಗ ದಂಡೆಗೆ ಸಮಾನಾಂತರವಾಗಿ ಸರಿದು, ತೆರೆ ಒಡೆಯುವ ಕಡೆಯಿಂದ ಹೊರಬನ್ನಿ. ದಡದಲ್ಲಿದ್ದವರು ಹಾರಬಾರದು, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದು ೧೧೨ಕ್ಕೆ ಫೋನ್ ಮಾಡಬೇಕು.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಅಳಿವೆಗಳಲ್ಲಿ ಇಳಿತದ ಹೊತ್ತು ಇಡೀ ಹೊಳೆಯೇ ಕಡಲಿಗೆ ಓಡುತ್ತಿರುತ್ತದೆ. ಅಲ್ಲಿ ಮೊಣಕಾಲುದ್ದ ನೀರಿಗೂ ಮಕ್ಕಳನ್ನು ಇಳಿಸಬೇಡಿ. ಈಜಲೇಬೇಕೆಂದರೆ ೨೦೨೦ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ದಂಡೆಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡಿನಂಥ ದಂಡೆಗೆ, ಜೀವರಕ್ಷಕರಿರುವ ಹೊತ್ತಿನಲ್ಲಿ ಹೋಗಿ.

ಪ್ರಶ್ನೆ: ಜೆಲ್ಲಿ ಮೀನು, ತೊರಕೆ ಮೀನು ಚುಚ್ಚಿದರೆ ಏನು ಮಾಡಬೇಕು?
— ಓದುಗರು, ಶಿರಸಿ

ಉತ್ತರ: ಜೆಲ್ಲಿ ಮೀನು ತಾಗಿದರೆ ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಹಾಕಿದರೂ ಮರಳಿನಿಂದ ಉಜ್ಜಿದರೂ ಚರ್ಮಕ್ಕಂಟಿದ ಇನ್ನುಳಿದ ವಿಷಕೋಶಗಳು ಸಿಡಿಯುತ್ತವೆ. ಎಳೆಗಳನ್ನು ಚಿಮುಟದಿಂದ ಎತ್ತಿ. ಸತ್ತು ಮರಳ ಮೇಲೆ ಬಿದ್ದದ್ದೂ ಚುಚ್ಚಬಲ್ಲದು.

ತೊರಕೆ ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು, ಮರಳಿನಲ್ಲಿ ಹುದುಗಿರುತ್ತದೆ. ಕಾಲೆತ್ತಿ ಇಡದೆ, ಪಾದ ಎಳೆಯುತ್ತ ನಡೆದರೆ ತಾನೇ ಸರಿದು ಹೋಗುತ್ತದೆ. ಚುಚ್ಚಿದರೆ ೪೫ ಡಿಗ್ರಿ ಮೀರದ ಬಿಸಿನೀರಿನಲ್ಲಿ ೩೦ರಿಂದ ೯೦ ನಿಮಿಷ ಕಾಲಿಟ್ಟರೆ ನೋವು ಇಳಿಯುತ್ತದೆ. ಬಿಸಿ ಎಷ್ಟೆಂದು ಮೊದಲು ಇನ್ನೊಂದು ಕಾಲಿನಲ್ಲಿ ನೋಡಿ, ನೋವಿರುವ ಕಾಲಿಗೆ ಸುಟ್ಟದ್ದೂ ತಿಳಿಯದು. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ಮುಳ್ಳಿನ ಚೂರು ಒಳಗುಳಿದು ಕೀವಾಗುತ್ತದೆ. ಬಲೆ ಎಳೆದ ಜಾಗದಲ್ಲಿ ಸತ್ತಂತೆ ಬಿದ್ದ ಕಡಲ ಹಾವನ್ನು ಕೋಲಿನಿಂದಲೂ ಕೆಣಕಬೇಡಿ. ಕಚ್ಚಿದಾಗ ನೋವೇ ಆಗದಿರಬಹುದು, ಮೈಕೈ ಬಿಗಿತ ಶುರುವಾಗುವುದು ಆಮೇಲೆ.

ಪ್ರಶ್ನೆ: ಚಿಪ್ಪು, ಹವಳ ಮನೆಗೆ ತರಬಹುದೇ?
— ಓದುಗರು, ಧಾರವಾಡ

ಉತ್ತರ: ಹವಳ ಬೇಡವೇ ಬೇಡ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಗಟ್ಟಿ ಹವಳಗಳು, ಕಡಲ ಕುದುರೆ, ಕೆಲವು ಜಾತಿಯ ಚಿಪ್ಪುಗಳೂ ಇವೆ. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ. ಫೋಟೊ ತೆಗೆದು ಬಿಡಿ.

ಪ್ರಶ್ನೆ: ರಾತ್ರಿ ತೆರೆಗಳು ನೀಲಿಯಾಗಿ ಹೊಳೆಯುತ್ತವಂತೆ. ನೋಡುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ಅದು ನಾಕ್ಟಿಲುಕಾ ಎಂಬ ಏಕಕೋಶ ಜೀವಿ, ನೀರು ಕದಡಿದಾಗ ಬೆಳಕು ಬೀರುತ್ತದೆ. ಇಂಥ ದಿನ ಕಂಡೇ ಕಾಣುತ್ತದೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಅಮಾವಾಸ್ಯೆಯ ಸುತ್ತಿನ ದಿನಗಳನ್ನು ಆರಿಸಿದರೆ ಬೆಳಗಿನ ಬಂಡೆ ಸುತ್ತಾಟವೂ ರಾತ್ರಿಯ ಕತ್ತಲೂ ಒಟ್ಟಿಗೆ ಸಿಗುತ್ತವೆ. ಹುಣ್ಣಿಮೆಗೆ ಬಂದವರಿಗೆ ಬಂಡೆ ಮಾತ್ರ. ಅಂಗಡಿ ದೀಪಗಳಿಂದ ದೂರ ಹೋಗಿ, ಮೊಬೈಲ್ ಜೇಬಿಗಿಟ್ಟು ೨೦ ನಿಮಿಷ ಕಣ್ಣಿಗೆ ಕತ್ತಲು ರೂಢಿಯಾಗಲು ಬಿಡಿ. ಫೋಟೊಗೆ ಟ್ರೈಪಾಡ್ ಬೇಕು; ಎಂಟು ಹತ್ತು ಸೆಕೆಂಡ್ ಎಕ್ಸ್‌ಪೋಷರ್ ಇಡಿ. ಟಾರ್ಚ್ ಉರಿಸುತ್ತ ಓಡಾಡಬೇಡಿ: ಚಳಿಗಾಲದಲ್ಲಿ ಈ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ಬೆಳಕು ಕಂಡರೆ ಮೊಟ್ಟೆಯಿಡದೆ ತಿರುಗಿಬಿಡುತ್ತವೆ. ಆಮೆ ಕಂಡರೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ.