ಫೋನಿನ ದಪ್ಪ: ಕಂಪನಿ ಹೇಳಿದ್ದೊಂದು, ಅಳೆದರೆ ಇನ್ನೊಂದು

ಪ್ರಶ್ನೆ: ಜಾಹೀರಾತಿನಲ್ಲಿ ದಪ್ಪ 7.8 ಮಿ.ಮೀ. ಎಂದಿತ್ತು. ಕ್ಯಾಮೆರಾ ಇರುವ ಕಡೆ ಅಳೆದರೆ 10ಕ್ಕಿಂತ ಜಾಸ್ತಿ ಬರುತ್ತದೆ. ಇದು ಮೋಸವಲ್ಲವೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಅಂಕಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಕಂಪನಿಗಳು ಸಾಮಾನ್ಯವಾಗಿ ಕ್ಯಾಮೆರಾ ಉಬ್ಬನ್ನು ಬಿಟ್ಟು ಸಪಾಟು ಭಾಗದ ದಪ್ಪವನ್ನಷ್ಟೇ ಹೇಳುತ್ತವೆ. 2025ರ ಐಫೋನ್ ಏರ್‌ನ 5.6 ಮಿ.ಮೀ. ಕೂಡ ಹಾಗೆಯೇ. ಲೆನ್ಸಿಗೂ ಸೆನ್ಸರಿಗೂ (ಬೆಳಕನ್ನು ಚಿತ್ರವಾಗಿಸುವ ಚಿಪ್) ನಡುವೆ ಅಂತರ ಬೇಕೇಬೇಕು, ಅದಕ್ಕೇ ಉಬ್ಬು. ಉಬ್ಬು ತಪ್ಪಲ್ಲ, ಅದರ ಅಳತೆ ಮುಚ್ಚಿಡುವುದು ತಪ್ಪು. ಎರಡೂ ಅಂಕಿ ಅಚ್ಚಾಗಲೇಬೇಕು.

ಅಳೆಯುವಾಗ ಕವರ್ ತೆಗೆಯಿರಿ. ಸ್ಕ್ರೀನ್‌ಗಾರ್ಡ್ ಇದ್ದರೆ ಅದರ ದಪ್ಪ ಕಳೆಯಿರಿ. ಸ್ಕೇಲ್ ಸಾಲದು, ಲೇತ್ ವರ್ಕ್‌ಶಾಪಿನ ವರ್ನಿಯರ್ ಕ್ಯಾಲಿಪರ್ ಬೇಕು. ಗಾಜಿನ ಮೇಲೆ ಬಿಗಿಯಾಗಿ ಒತ್ತಬೇಡಿ.

ಪರದೆಯ ಇಂಚಿನಲ್ಲೂ ಎಚ್ಚರವಿರಲಿ. ಅದು ಕರ್ಣದ ಅಳತೆ, ದುಂಡು ಮೂಲೆಗಳನ್ನೂ ಚೂಪೆಂದೇ ಲೆಕ್ಕ ಹಿಡಿದಿರುತ್ತಾರೆ. 6.5 ಇಂಚಿನ 16:9 (ಉದ್ದ-ಅಗಲದ ಅನುಪಾತ) ಪರದೆ ಸುಮಾರು 18 ಚದರ ಇಂಚು, ಅದೇ 6.5ರ 20:9 ಪರದೆ 15.8 ಮಾತ್ರ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚಿದರೂ ಅದು ದಾರಿ ತಪ್ಪಿಸುವ ಜಾಹೀರಾತು. ಮೊದಲು ಕಂಪನಿಯ ವೆಬ್‌ಸೈಟಿನ ಅಡಿಟಿಪ್ಪಣಿ ಓದಿ. ಅಲ್ಲಿಯೂ ಉಬ್ಬಿನ ಮಾತಿಲ್ಲದಿದ್ದರೆ ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ಅಳತೆಯ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.